ಡೇರೆ ಜೈಲಿನ ಕೌಂಟಿಯಲ್ಲಿ ಒಬ್ಬ ಸಾರ್ಜೆಂಟ್

2016ರ ನವೆಂಬರ್ 8ರಂದು ಅಮೆರಿಕದ ಅರಿಜೋನಾ ರಾಜ್ಯದ ಮರಿಕೋಪಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಜನ ಒಂದೇ ಮತಪತ್ರದಲ್ಲಿ ಎರಡು ದಿಕ್ಕಿನ ತೀರ್ಪು ಬರೆದರು. ಅಧ್ಯಕ್ಷ ಸ್ಥಾನದ ಸಾಲಿನಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಸುಮಾರು ಶೇ. 3ರಷ್ಟು ಮುನ್ನಡೆ ಕೊಟ್ಟರು. ಅದೇ ಹಾಳೆಯಲ್ಲಿ ಕೆಳಗಿದ್ದ ಶೆರಿಫ್ ಸಾಲಿನಲ್ಲಿ ಟ್ರಂಪ್ ಅವರದೇ ಪಕ್ಷದ ಜೋ ಆರ್ಪಾಯೊ ಅವರನ್ನು ಸೋಲಿಸಿದರು. ಆರ್ಪಾಯೊ ಆ ವರ್ಷ ಟ್ರಂಪ್ ಪರ ವೇದಿಕೆ ಹತ್ತಿದವರು, 24 ವರ್ಷ ಆ ಹುದ್ದೆಯಲ್ಲಿ ಕೂತವರು. ಸೋಲಿನ ಅಂತರ ಶೇ. 10ಕ್ಕೂ ಹೆಚ್ಚು. ಅಂದರೆ ಟ್ರಂಪ್ ಅವರಿಗೆ ಗುರುತು ಹಾಕಿದ ಕೈಗಳೇ, ಸಾವಿರಾರು ಸಂಖ್ಯೆಯಲ್ಲಿ, ಕೆಳಗಿಳಿದು ಡೆಮಾಕ್ರಟಿಕ್ ಪಕ್ಷದ ಪಾಲ್ ಪೆನ್ಜೋನ್ ಎಂಬ ನಿವೃತ್ತ ಪೊಲೀಸ್ ಸಾರ್ಜೆಂಟ್ ಹೆಸರಿಗೂ ಗುರುತು ಹಾಕಿವೆ.

ಅನುಭವಿ ಪೊಲೀಸ್ ಅಧಿಕಾರಿಯೊಬ್ಬರು ಶೆರಿಫ್ ಚುನಾವಣೆಗೆ ನಿಲ್ಲುವುದು ಅಮೆರಿಕದಲ್ಲಿ ತೀರಾ ಸಾಮಾನ್ಯ ಸಂಗತಿ. "ಇಷ್ಟು ವರ್ಷ ಸೇವೆ ಮಾಡಿದ್ದೇನೆ, ಈ ಕೆಲಸ ನನಗೆ ಗೊತ್ತು" ಎನ್ನುವುದೇ ಅಲ್ಲಿನ ಮುಖ್ಯ ಪ್ರಚಾರ. ಪೆನ್ಜೋನ್ ಅವರ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಆ ಮಾತಿನ ಬೆಲೆ ಎಷ್ಟು, ಅದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇದರಲ್ಲಿ ಆದಿಯಿಂದ ಅಂತ್ಯದವರೆಗೂ ಕಾಣುತ್ತದೆ ಎಂಬ ಕಾರಣಕ್ಕೆ. ಗೆದ್ದ ರಾತ್ರಿಗೇ ಕಥೆ ಮುಗಿಸಿದರೆ ಇದು ಸುಖಾಂತ. ನಾನು ಹಾಗೆ ಮುಗಿಸಲಾರೆ.

ಹುದ್ದೆ ಎಂಥದ್ದು

ಶೆರಿಫ್ ಎಂದರೆ ನಮಗೆ ಸಿನಿಮಾದ ಕುದುರೆ ಸವಾರ ನೆನಪಾಗಬಹುದು, ಇಲ್ಲವೇ ಮುಂಬೈ ಮತ್ತು ಕೋಲ್ಕತ್ತಾದ ಗೌರವ ಪದವಿ. ಅಮೆರಿಕದ ಕೌಂಟಿ ಶೆರಿಫ್ ಹುದ್ದೆ ಇವೆರಡಕ್ಕೂ ದೂರ. ಅದನ್ನು ನಮ್ಮ ಜಿಲ್ಲೆಯ ಎಸ್ಪಿ ಪಕ್ಕ ಇಟ್ಟು ನೋಡಿದರೆ ಬೇಗ ಅರ್ಥವಾಗುತ್ತದೆ. ಎಸ್ಪಿಯನ್ನು ಸರ್ಕಾರ ನೇಮಿಸುತ್ತದೆ, ಒಂದು ಆದೇಶದಲ್ಲಿ ಎತ್ತಂಗಡಿ ಮಾಡುತ್ತದೆ. ಅರಿಜೋನಾದ ಶೆರಿಫ್‌ಗೆ ವರ್ಗಾವಣೆಯೇ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ, ಪಕ್ಷದ ಚೀಟಿಯ ಮೇಲೆ, ಜನರೇ ಆರಿಸುತ್ತಾರೆ. ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಕೌಂಟಿಯ ಆಡಳಿತ ನಡೆಸುವ ಐವರು ಸದಸ್ಯರ ಮಂಡಳಿ ಶೆರಿಫ್ ಇಲಾಖೆಗೆ ಹಣ ಮಂಜೂರು ಮಾಡುತ್ತದೆ, ಆದರೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಆಜ್ಞೆ ಕೊಡಲಾರದು. ಅವನ ಮೇಲೆ ಅಧಿಕಾರಿಯಿಲ್ಲ. ಮತದಾರ ಇದ್ದಾನೆ, ನ್ಯಾಯಾಲಯ ಇದೆ, ಅಷ್ಟೇ.

ನಮ್ಮಲ್ಲೂ ಖಾಕಿ ಕಳಚಿ ಚುನಾವಣೆಗೆ ನಿಂತವರಿದ್ದಾರೆ. ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಗೆದ್ದರು. ಭಾಸ್ಕರ್ ರಾವ್ 2023ರಲ್ಲಿ ಚಾಮರಾಜಪೇಟೆಯಲ್ಲಿ ಸೋತರು. ಅವರು ಮತ ಕೇಳಿದ್ದು ಶಾಸನ ಮಾಡುವ ಮನೆಗೆ ಹೋಗಲು. ಅಮೆರಿಕದಲ್ಲಿ ಖಾಕಿಗಾಗಿಯೇ ಮತ ಕೇಳುತ್ತಾರೆ. ಯಾರನ್ನು ಬಂಧಿಸುತ್ತೇನೆ, ಯಾರನ್ನು ಬಿಡುತ್ತೇನೆ, ಜೈಲಿನಲ್ಲಿ ಹೇಗೆ ಇಡುತ್ತೇನೆ ಎಂಬುದೇ ಅಲ್ಲಿ ಪ್ರಣಾಳಿಕೆ. ಈ ವ್ಯತ್ಯಾಸ ಚಿಕ್ಕದಲ್ಲ.

ಮರಿಕೋಪಾ ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ಬಹಳ ದೊಡ್ಡದು. ಜನಸಂಖ್ಯೆ 2016ಕ್ಕಾಗಲೇ 40 ಲಕ್ಷ ದಾಟಿತ್ತು. ಫೀನಿಕ್ಸ್, ಮೇಸಾ, ಸ್ಕಾಟ್ಸ್‌ಡೇಲ್, ಚಾಂಡ್ಲರ್ ಎಲ್ಲ ಇದರೊಳಗಿನ ನಗರಗಳು. ಚಾಂಡ್ಲರ್‌ನ ಇಂಟೆಲ್ ಕಾರ್ಖಾನೆಯ ಸುತ್ತ ಮನೆ ಮಾಡಿರುವ ನಮ್ಮ ಕನ್ನಡಿಗರು ಕಟ್ಟುವ ಆಸ್ತಿ ತೆರಿಗೆಯೂ ಇದೇ ಕೌಂಟಿಯ ಖಜಾನೆಗೆ ಸೇರುತ್ತದೆ. ದೊಡ್ಡ ನಗರಗಳಿಗೆ ಅವುಗಳದ್ದೇ ಪೊಲೀಸರಿದ್ದಾರೆ. ನಗರ ಸೀಮೆಯ ಆಚೆಗಿನ ಪ್ರದೇಶದ ಗಸ್ತು, ಸ್ವಂತ ಪೊಲೀಸರಿಲ್ಲದ ಸಣ್ಣ ಪಟ್ಟಣಗಳ ಕಾವಲು, ಕೋರ್ಟಿನ ಆದೇಶಗಳ ಜಾರಿ, ಎಲ್ಲಕ್ಕಿಂತ ಮಿಗಿಲಾಗಿ ಕೌಂಟಿಯ ಜೈಲುಗಳು ಶೆರಿಫ್ ಕೈಯಲ್ಲಿ. ಮೂರು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಜೈಲಿನಲ್ಲಿರುವವರಲ್ಲಿ ಬಹುಪಾಲು ಜನ ಇನ್ನೂ ವಿಚಾರಣೆಯೇ ಮುಗಿಯದವರು, ಅಪರಾಧಿಗಳೆಂದು ಸಾಬೀತಾಗದವರು. ಮುಂದಿನ ಕಥೆಯುದ್ದಕ್ಕೂ ಇದು ನೆನಪಿರಲಿ.

ಮೊದಲ ಅನುಭವಿ

ಪೆನ್ಜೋನ್ ಕಥೆಯನ್ನು ಆರ್ಪಾಯೊ ಅವರಿಂದ ಶುರು ಮಾಡಬೇಕು. ಆರ್ಪಾಯೊ ಅವರ ಕಥೆಯನ್ನು ಒಂದು ಬೌದ್ಧ ವಿಹಾರದಿಂದ.

1991ರ ಆಗಸ್ಟ್‌ನಲ್ಲಿ ಫೀನಿಕ್ಸ್‌ನ ಪಶ್ಚಿಮಕ್ಕಿರುವ ಥಾಯ್ ಬೌದ್ಧ ವಿಹಾರವೊಂದರಲ್ಲಿ ಒಂಬತ್ತು ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಆರು ಮಂದಿ ಭಿಕ್ಕುಗಳು. ಆಗಿನ ಶೆರಿಫ್ ಟಾಮ್ ಆ್ಯಗ್ನೋಸ್. ಅವರ ಇಲಾಖೆ ಟೂಸಾನ್ ನಗರದ ನಾಲ್ವರನ್ನು ಹಿಡಿದು ತಂದು, ಗಂಟೆಗಟ್ಟಲೆ ಕೂರಿಸಿ, ತಪ್ಪೊಪ್ಪಿಗೆ ಪಡೆಯಿತು. ಆ ತಪ್ಪೊಪ್ಪಿಗೆ ಸುಳ್ಳೆಂದು ಬಯಲಾಯಿತು. ನಿಜವಾದ ಕೊಲೆಗಾರರು ಇಬ್ಬರು ಹದಿಹರೆಯದ ಹುಡುಗರು. ಇಲಾಖೆಯ ಮಾನ ಹೋಗಿತ್ತು. 1992ರಲ್ಲಿ ಆ ಕಳಂಕಿತ ಶೆರಿಫ್ ಎದುರು ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲಿ, ಒಬ್ಬ ಅನುಭವಿ ನಿಂತರು: ಸೈನ್ಯ, ವಾಷಿಂಗ್ಟನ್ ಪೊಲೀಸ್, ಲಾಸ್ ವೇಗಸ್ ಪೊಲೀಸ್, ಆಮೇಲೆ ದಶಕಗಳ ಕಾಲ ಕೇಂದ್ರದ ಮಾದಕವಸ್ತು ನಿಗ್ರಹ ದಳ, ಕೊನೆಗೆ ಅದರ ಅರಿಜೋನಾ ಶಾಖೆಯ ಮುಖ್ಯಸ್ಥ. ಅವರೇ ಜೋ ಆರ್ಪಾಯೊ, ಆಗ 60 ವರ್ಷ. ಪ್ರೈಮರಿ ಗೆದ್ದರು, ಚುನಾವಣೆ ಗೆದ್ದರು, 1993ರ ಜನವರಿಯಲ್ಲಿ ಅಧಿಕಾರ ಹಿಡಿದರು.

ಹೊಲಸಾದ ಇಲಾಖೆಯನ್ನು ತೊಳೆಯಲು ಹೊರಗಿನಿಂದ ಬಂದ ಅನುಭವಿ. 24 ವರ್ಷದ ನಂತರ ಪೆನ್ಜೋನ್ ಹೇಳಿದ ಕಥೆಯೂ ಇದೇ. ನನ್ನನ್ನು ಈ ಪ್ರಕರಣಕ್ಕೆ ಎಳೆದದ್ದು ಈ ಪುನರಾವರ್ತನೆ.

ಅಧಿಕಾರಕ್ಕೆ ಬಂದ ವರ್ಷವೇ, 1993ರಲ್ಲಿ, ಆರ್ಪಾಯೊ ಡೇರೆ ಜೈಲು ಕಟ್ಟಿದರು. ಸೇನೆಯ ಹಳೆಯ ಡೇರೆಗಳು, ಒಳಗೆ ಮಂಚಗಳು, ಸುತ್ತ ಬೇಲಿ. ಫೀನಿಕ್ಸ್ ಇರುವುದು ಮರುಭೂಮಿಯಲ್ಲಿ. ನಮ್ಮ ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೂ ಅಲ್ಲಿನ ಜುಲೈ ಬೇರೆಯೇ. ಡೇರೆಯೊಳಗೆ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೈದಿಗಳಿಗೆ ಗುಲಾಬಿ ಬಣ್ಣದ ಒಳಉಡುಪು. ದಿನಕ್ಕೆ ಎರಡೇ ಊಟ. ಕಾಲಿಗೆ ಸರಪಳಿ ಬಿಗಿದು ಬೀದಿ ಗುಡಿಸಲು ಕಳಿಸುವ ತಂಡಗಳು, ಅದರಲ್ಲಿ ಹೆಂಗಸರದ್ದೂ ಒಂದು. ಇದೆಲ್ಲವೂ ಟಿವಿ ಕ್ಯಾಮೆರಾ ಮುಂದೆ ನಡೆಯಿತು. "ಅಮೆರಿಕದ ಅತಿ ಕಠಿಣ ಶೆರಿಫ್" ಎಂಬ ಬಿರುದು ಅಂಟಿತು, ಅವರು ಅದನ್ನು ಖುಷಿಯಿಂದ ಹೊತ್ತರು. ಜನ ಚಪ್ಪಾಳೆ ತಟ್ಟಿ ಮತ್ತೆ ಮತ್ತೆ ಗೆಲ್ಲಿಸಿದರು, ಒಟ್ಟು ಆರು ಬಾರಿ.

ಕ್ಯಾಮೆರಾ ಇಲ್ಲದ ಕಡೆ ನಡೆದದ್ದು ಬೇರೆ. 2004ರಿಂದ 2007ರ ನಡುವೆ ಎಲ್ ಮಿರಾಜ್ ಪಟ್ಟಣ ಸೇರಿದಂತೆ ಇಲಾಖೆಯ ವ್ಯಾಪ್ತಿಯಲ್ಲಿ 400ಕ್ಕೂ ಹೆಚ್ಚು ಲೈಂಗಿಕ ಅಪರಾಧ ಪ್ರಕರಣಗಳ ತನಿಖೆ ಸರಿಯಾಗಿ ಆಗಿರಲಿಲ್ಲ. ಅವುಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳೂ ಇದ್ದವು. 2011ರ ಡಿಸೆಂಬರ್‌ನಲ್ಲಿ ಆರ್ಪಾಯೊ ಕ್ಷಮೆ ಕೇಳಿದರು. ಕೈದಿಗೆ ಯಾವ ಬಣ್ಣದ ಚಡ್ಡಿ ಎಂಬುದಕ್ಕೆ ಇದ್ದ ಗಮನ ಆ ಮಕ್ಕಳ ದೂರಿಗೆ ಸಿಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೇವ್ ಕ್ರೀಕ್‌ನಲ್ಲಿ ನಿಂತ ಟ್ರಕ್

2007ರಲ್ಲಿ ಕೇಂದ್ರ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಶೆರಿಫ್ ಇಲಾಖೆಯ ಸಿಬ್ಬಂದಿಗೆ ವಲಸೆ ಕಾನೂನು ಜಾರಿ ಮಾಡುವ ಅಧಿಕಾರ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇವ್ ಕ್ರೀಕ್ ಎಂಬ ಪಟ್ಟಣದಲ್ಲಿ ಡೆಪ್ಯುಟಿಗಳು, ಅಂದರೆ ಶೆರಿಫ್ ಕೈಕೆಳಗಿನ ಪೊಲೀಸರು, ಒಂದು ಟ್ರಕ್ ನಿಲ್ಲಿಸಿದರು. ವೇಗ ಹೆಚ್ಚಾಗಿತ್ತು ಎಂಬುದು ನೆಪ. ಓಡಿಸುತ್ತಿದ್ದ ಬಿಳಿಯನನ್ನು ಬಿಟ್ಟರು. ಪಕ್ಕದಲ್ಲಿದ್ದ ಮೆಕ್ಸಿಕೋದ ಪ್ರವಾಸಿ, ಮಾನ್ಯ ವೀಸಾ ಇದ್ದ ಮ್ಯಾನುಯೆಲ್ ಒರ್ತೆಗಾ ಮೆಲೆಂಡ್ರೆಸ್ ಅವರಿಗೆ ಕೈಕೋಳ ಹಾಕಿ ಗಂಟೆಗಟ್ಟಲೆ ಕೂರಿಸಿದರು. ಆ ಡಿಸೆಂಬರ್‌ನಲ್ಲಿ ಅವರ ಹೆಸರಿನಲ್ಲಿ ಮೊಕದ್ದಮೆ ಹೂಡಲಾಯಿತು. ಮುಂದೆ ಅದು ಕೌಂಟಿಯ ಎಲ್ಲ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಾಹನ ಸವಾರರ ಪರವಾದ ಸಾಮೂಹಿಕ ಮೊಕದ್ದಮೆಯಾಯಿತು.

ಅದರ ಕಾಲಾನುಕ್ರಮ ಗೊತ್ತಿಲ್ಲದೆ ಚುನಾವಣೆ ಅರ್ಥವಾಗದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2011ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಮರ್ರೆ ಸ್ನೋ ಮಧ್ಯಂತರ ಆದೇಶ ಕೊಟ್ಟರು: ದೇಶದಲ್ಲಿರಲು ಪರವಾನಗಿ ಇಲ್ಲವೆಂಬ ಅನುಮಾನವೊಂದನ್ನೇ ಇಟ್ಟುಕೊಂಡು ಯಾರನ್ನೂ ಹಿಡಿದಿಡಬಾರದು. ಇಲಾಖೆ ಸುಮಾರು ಒಂದೂವರೆ ವರ್ಷ ಆ ಆದೇಶವನ್ನು ಮುರಿಯುತ್ತಲೇ ಹೋಯಿತು. 2012ರ ಬೇಸಿಗೆಯಲ್ಲಿ ವಿಚಾರಣೆ ನಡೆಯಿತು. 2013ರ ಮೇ ತಿಂಗಳಲ್ಲಿ ತೀರ್ಪು ಬಂತು: ಇಲಾಖೆ ಜನಾಂಗದ ಆಧಾರದ ಮೇಲೆ ಜನರನ್ನು ತಡೆಯುತ್ತಿದೆ, ಇದು ಸಂವಿಧಾನಬಾಹಿರ. ಅದೇ ವರ್ಷ ಇಲಾಖೆಯ ಮೇಲೆ ಮೇಲ್ವಿಚಾರಕರನ್ನು ಕೂರಿಸಲು ಕೋರ್ಟ್ ಆದೇಶಿಸಿತು, 2014ರ ಜನವರಿಯಲ್ಲಿ ಅವರ ನೇಮಕವಾಯಿತು. 2015ರಲ್ಲಿ ನ್ಯಾಯಾಂಗ ನಿಂದನೆಯ ವಿಚಾರಣೆ ನಡೆಯುತ್ತಿದ್ದಾಗ, ನ್ಯಾಯಾಧೀಶರ ಪತ್ನಿ ಆಡಿದ್ದರೆನ್ನಲಾದ ಮಾತೊಂದರ ಬೆನ್ನು ಹತ್ತಿ ಖಾಸಗಿ ತನಿಖೆ ನಡೆದಿತ್ತೆಂದು ಆರ್ಪಾಯೊ ಸಾಕ್ಷಿಕಟ್ಟೆಯಲ್ಲಿ ನಿಂತೇ ಒಪ್ಪಿಕೊಂಡರು. 2016ರ ಮೇ ತಿಂಗಳಲ್ಲಿ ಸ್ನೋ ಅವರು ಆರ್ಪಾಯೊ ಮತ್ತು ಅವರ ಕೆಲವು ಹಿರಿಯ ಅಧಿಕಾರಿಗಳನ್ನು ಸಿವಿಲ್ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದರು. ಆ ಅಧಿಕಾರಿಗಳಲ್ಲಿ ಶೆರಿಫ್‌ನ ಬಲಗೈಯಾಗಿದ್ದ ಜೆರ್ರಿ ಶೆರಿಡನ್ ಒಬ್ಬರು. ಈ ಹೆಸರು ಕಡೆಗೆ ಮತ್ತೆ ಬರುತ್ತದೆ.

ಎರಡನೆಯ ಅನುಭವಿ

ಪಾಲ್ ಪೆನ್ಜೋನ್ ಫೀನಿಕ್ಸ್ ನಗರ ಪೊಲೀಸ್ ಇಲಾಖೆಯಲ್ಲಿ 21 ವರ್ಷ ಕೆಲಸ ಮಾಡಿ 2009ರಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದವರು. ಊರಿಗೆ ಅವರ ಮುಖ ಪರಿಚಯವಾದದ್ದು "ಸೈಲೆಂಟ್ ವಿಟ್ನೆಸ್" ಕಾರ್ಯಕ್ರಮದಿಂದ. ಪತ್ತೆಯಾಗದ ಅಪರಾಧಗಳ ಬಗ್ಗೆ ಹೆಸರು ಹೇಳದೆ ಮಾಹಿತಿ ಕೊಡಿ ಎಂದು ಜನರನ್ನು ಕೇಳುವ ಕಾರ್ಯಕ್ರಮ ಅದು. 2006ರಲ್ಲಿ ಸರಣಿ ಕೊಲೆಗಳಿಂದ ಫೀನಿಕ್ಸ್ ತತ್ತರಿಸಿದ್ದ ಬೇಸಿಗೆಯಲ್ಲಿ ಟಿವಿಯಲ್ಲಿ ಬಂದು ಜನರ ನೆರವು ಕೇಳುತ್ತಿದ್ದವರಲ್ಲಿ ಅವರೂ ಒಬ್ಬರು. ನಿವೃತ್ತಿಯ ನಂತರ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಚೈಲ್ಡ್‌ಹೆಲ್ಪ್ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಈ ಅನುಭವದ ಗುಣ ಗಮನಿಸಿ. ಆರ್ಪಾಯೊ ಅವರದು ದೊಡ್ಡ ಹುದ್ದೆಗಳ, ದೇಶ ವಿದೇಶಗಳ ಕಡತ. ಪೆನ್ಜೋನ್ ಅವರದು ಬೀದಿಯದ್ದು, ಸಂತ್ರಸ್ತರ ಮನೆಯ ಜಗಲಿಯದ್ದು. ಸಾರ್ಜೆಂಟ್ ಎಂದರೆ ನಮ್ಮ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮಟ್ಟಕ್ಕೆ ಹತ್ತಿರ. ಮೂರು ಸಾವಿರ ಜನರ ಇಲಾಖೆಯನ್ನಾಗಲಿ, ಜೈಲನ್ನಾಗಲಿ ಅವರು ನಡೆಸಿದವರಲ್ಲ. ಈ ಕೊರತೆಯನ್ನು ಮತದಾರ ದೊಡ್ಡದು ಮಾಡಲಿಲ್ಲ. ಮುಂದೆ ಅದು ಮುಖ್ಯವಾಯಿತು ಎಂಬುದು ನನ್ನ ಅಭಿಪ್ರಾಯ.

2012ರಲ್ಲಿ ಅವರು ಮೊದಲ ಬಾರಿ ನಿಂತು ಸೋತರು. ಆರ್ಪಾಯೊ ಅವರಿಗೆ ಶೇ. 51ಕ್ಕೂ ಸ್ವಲ್ಪ ಕಡಿಮೆ, ಪೆನ್ಜೋನ್ ಅವರಿಗೆ ಸುಮಾರು 45, ಪಕ್ಷೇತರರೊಬ್ಬರಿಗೆ ಉಳಿದದ್ದು. ಮೂರನೆಯವರು ಮತ ಒಡೆದರು ಎಂದು ಆಗ ಹಲವರು ಹಲುಬಿದರು. ಲೆಕ್ಕ ಹಾಗೆ ಹೇಳುವುದಿಲ್ಲ. ಪಕ್ಷೇತರರ ಮತವೆಲ್ಲ ಪೆನ್ಜೋನ್ ಬುಟ್ಟಿಗೇ ಬಿದ್ದಿದ್ದರೂ ಆರ್ಪಾಯೊ ಗೆಲ್ಲುತ್ತಿದ್ದರು. ಸೋಲಿನ ಕಾರಣ ಬೇರೆ ಕಡೆ ಇದೆ. ಆ ಹೊತ್ತಿಗೆ ಮತದಾರನ ಕೈಯಲ್ಲಿದ್ದದ್ದು ಬರೀ ಆರೋಪ. ಮೆಲೆಂಡ್ರೆಸ್ ವಿಚಾರಣೆ ಮುಗಿದಿತ್ತು, ತೀರ್ಪು ಬಂದಿರಲಿಲ್ಲ. ಕೇಂದ್ರದ ಪ್ರಾಸಿಕ್ಯೂಟರ್‌ಗಳು ಆರ್ಪಾಯೊ ವಿರುದ್ಧದ ಅಧಿಕಾರ ದುರುಪಯೋಗದ ಕ್ರಿಮಿನಲ್ ತನಿಖೆಯನ್ನು ಚುನಾವಣೆಗೆ ಎರಡು ತಿಂಗಳ ಮುಂಚೆಯಷ್ಟೇ, ಯಾವ ಆರೋಪವನ್ನೂ ಹೊರಿಸದೆ ಮುಚ್ಚಿದ್ದರು. ಅದರ ಮೇಲೆ ಎದುರಾಳಿಯ ಖಾಸಗಿ ಬದುಕು ಕೆದಕುವ ಟಿವಿ ಜಾಹೀರಾತುಗಳ ಮಳೆ. ಆರ್ಪಾಯೊ ಅವರ ಬಳಿ ದೇಶದ ಮೂಲೆ ಮೂಲೆಯಿಂದ ಬಂದ ದೇಣಿಗೆಯ ರಾಶಿಯಿತ್ತು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆರೋಪ ತೀರ್ಪಾಗಿತ್ತು. 2016ರ ಅಕ್ಟೋಬರ್ 11ರಂದು, ಮುಂಚಿತ ಮತದಾನ ಶುರುವಾಗುವ ಹಿಂದಿನ ದಿನ, ಆರ್ಪಾಯೊ ಅವರ ಮೇಲೆ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಮೊಕದ್ದಮೆ ನಡೆಸುತ್ತೇವೆ ಎಂದು ಕೇಂದ್ರದ ವಕೀಲರು ಕೋರ್ಟಿಗೆ ತಿಳಿಸಿದರು. ಅರಿಜೋನಾದಲ್ಲಿ ಬಹಳಷ್ಟು ಜನ ಅಂಚೆಯಲ್ಲಿ ಬಂದ ಮತಪತ್ರವನ್ನು ಮನೆಯಲ್ಲೇ ತುಂಬಿ ಕಳಿಸುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಮತಪತ್ರ ಬಿಚ್ಚುವ ದಿನ ಪತ್ರಿಕೆಯ ಮುಖಪುಟದಲ್ಲಿ ಈ ಸುದ್ದಿಯಿತ್ತು.

ಗೆಲುವಿನ ಶ್ರೇಯವನ್ನು ಹೊರಗಿನ ಹಣಕ್ಕೆ ಕಟ್ಟುವವರಿದ್ದಾರೆ. ಜಾರ್ಜ್ ಸೊರೊಸ್ ಅವರು ಆರ್ಪಾಯೊ ವಿರೋಧಿ ಗುಂಪಿಗೆ ಸುಮಾರು 20 ಲಕ್ಷ ಡಾಲರ್ ಕೊಟ್ಟದ್ದು ನಿಜ. ಆದರೆ ಆರ್ಪಾಯೊ ಆ ಬಾರಿ ಕೂಡಿಸಿದ್ದು 1.2 ಕೋಟಿ ಡಾಲರ್‌ಗೂ ಹೆಚ್ಚು. ಒಂದು ಕೌಂಟಿಯ ಶೆರಿಫ್ ಚುನಾವಣೆಗೆ ಇಷ್ಟು ದುಡ್ಡು! ಹಣವೇ ತೀರ್ಮಾನಿಸುವುದಾದರೆ ಪೆನ್ಜೋನ್ ಹೆಸರು ಇಂದು ಯಾರಿಗೂ ನೆನಪಿರುತ್ತಿರಲಿಲ್ಲ.

ಎರಡು ಕೆಲಸಗಳು ಜೊತೆಜೊತೆಗೆ ನಡೆದವು. ಮೊದಲನೆಯದು ಬೀದಿಯಲ್ಲಿ. "ಬಸ್ತಾ ಆರ್ಪಾಯೊ", ಅಂದರೆ "ಆರ್ಪಾಯೊ, ಸಾಕು" ಎಂಬ ಹೆಸರಿನ ಚಳವಳಿಯ ಲ್ಯಾಟಿನೋ ಯುವಕ ಯುವತಿಯರು ಮನೆ ಮನೆ ತಟ್ಟಿದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲೇ ಬೆಳೆದ ಪೀಳಿಗೆ ಅದು. ಅವರಲ್ಲಿ ಹಲವರಿಗೆ ಪೌರತ್ವವಿರಲಿಲ್ಲ. ತಮಗೆ ಹಾಕಲಾಗದ ಮತವನ್ನು ನೆರೆಯವರು ಹಾಕಲಿ ಎಂದು ಫೀನಿಕ್ಸ್‌ನ ಬಿಸಿಲಲ್ಲಿ ನಡೆದರು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಮಕ್ಕಳ ಬಳಿ.

ಎರಡನೆಯ ಕೆಲಸ ಪೆನ್ಜೋನ್ ಅವರದು, ತುಸು ತಣ್ಣನೆಯದು. ಅವರು ಬೀದಿಯ ಚಳವಳಿಯಿಂದ ಒಂದು ಗೇಣು ದೂರವೇ ನಿಂತರು. ವಲಸೆಯ ವಾಗ್ವಾದಕ್ಕೆ ಇಳಿಯಲಿಲ್ಲ. ನಾನು ರಾಜಕಾರಣಿಯಲ್ಲ, ಪೊಲೀಸ್; ಮೊಕದ್ದಮೆಗಳಿಗೆ ಸುರಿಯುತ್ತಿರುವುದು ನಿಮ್ಮ ತೆರಿಗೆ ಹಣ; ಇಲಾಖೆ ಪ್ರಚಾರ ಬಿಟ್ಟು ಅಪರಾಧದ ಕಡೆ ನೋಡಬೇಕು; ಇದೇ ಅವರ ಮಾತಿನ ತಿರುಳು. ರಿಪಬ್ಲಿಕನ್ ಪಕ್ಷದ ನಿವೃತ್ತ ದಂಪತಿಯೊಬ್ಬರಿಗೆ ಆರ್ಪಾಯೊ ಅವರ ವಲಸೆ ನೀತಿ ಸರಿಯೆಂದೇ ಕಾಣಬಹುದು, ಆದರೆ ಕೋರ್ಟಿನ ಆದೇಶ ಮುರಿದ ಪೊಲೀಸನನ್ನು ಅವರು ಒಪ್ಪಲಾರರು. ಅಂಥವರಿಗೆ ಪಕ್ಷ ಬದಲಿಸದೆ ಮತ ಬದಲಿಸಲು ಒಂದು ದಾರಿ ಬೇಕಿತ್ತು. 21 ವರ್ಷದ ಬ್ಯಾಡ್ಜು ಆ ದಾರಿಯಾಯಿತು. ಡೆಮಾಕ್ರಟಿಕ್ ಪಕ್ಷದ ವಕೀಲರನ್ನೋ ಹೋರಾಟಗಾರರನ್ನೋ ನಿಲ್ಲಿಸಿದ್ದರೆ ಅದೇ ದಂಪತಿ ಆರ್ಪಾಯೊ ಅವರನ್ನೇ ಆರಿಸುತ್ತಿದ್ದರೇನೋ. ಟ್ರಂಪ್ ಗೆದ್ದು ಆರ್ಪಾಯೊ ಸೋತ ಆ ಮತಪತ್ರವನ್ನು ನಾನು ಓದುವುದು ಹೀಗೆ. ಶೇ. 55ಕ್ಕಿಂತ ಹೆಚ್ಚು ಮತ ಪಡೆದು ಪೆನ್ಜೋನ್ ಗೆದ್ದರು.

ಗೆದ್ದ ಮೇಲೆ

ಕಣ್ಣಿಗೆ ಕಾಣುವ ಬದಲಾವಣೆಗಳು ಬೇಗ ಬಂದವು. 2017ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಅರ್ಹರಾದ ಕೈದಿಗಳನ್ನು ವಲಸೆ ಇಲಾಖೆಯ ಕೋರಿಕೆಯ ಮೇರೆಗೆ ಹೆಚ್ಚುವರಿ ಅವಧಿಗೆ ಇಟ್ಟುಕೊಳ್ಳುವ ಪದ್ಧತಿ ನಿಂತಿತು. ವಲಸೆ ಅಧಿಕಾರಿಗಳು ಮಾತ್ರ ಜೈಲಿನೊಳಗೇ ಉಳಿದರು, ಬೀದಿಯಲ್ಲಿ ದುಡಿದವರಿಗೆ ಅದು ಆರದ ನೋವಾಯಿತು. ಏಪ್ರಿಲ್‌ನಲ್ಲಿ ಡೇರೆ ಜೈಲು ಮುಚ್ಚುವ ಘೋಷಣೆ. ಅದಕ್ಕೆ ಮುಂಚೆ ಪರಿಶೀಲನೆಗೆಂದು ರಾಜ್ಯದ ಮಾಜಿ ಅಟಾರ್ನಿ ಜನರಲ್ ಗ್ರಾಂಟ್ ವುಡ್ಸ್ ನೇತೃತ್ವದಲ್ಲಿ ಸಮಿತಿ ಮಾಡಿದ್ದರು. ವುಡ್ಸ್ ರಿಪಬ್ಲಿಕನ್. ಮುಚ್ಚಿದರೆ ವರ್ಷಕ್ಕೆ ಸುಮಾರು 45 ಲಕ್ಷ ಡಾಲರ್ ಉಳಿತಾಯ ಎಂಬ ಲೆಕ್ಕ ಕೊಟ್ಟರು. ಕ್ರೌರ್ಯವೆಂಬ ಕಾರಣಕ್ಕೆ ಮುಚ್ಚುತ್ತೇನೆ ಎನ್ನುವ ಬದಲು ಖರ್ಚಿನ ಮಾತಾಡಿದ್ದು ಜಾಣತನ, ಪ್ರಚಾರದಲ್ಲಿ ಹಿಡಿದ ಅದೇ ದಾರಿ. ಆ ಶರತ್ಕಾಲಕ್ಕೆ ಡೇರೆಗಳು ಇಳಿದವು. 24 ವರ್ಷ ಕ್ಯಾಮೆರಾ ಮುಂದೆ ನಿಂತಿದ್ದ ಜಾಗ ಬಯಲಾಯಿತು.

ಅದೇ ವರ್ಷದ ಜುಲೈ 31ರಂದು ನ್ಯಾಯಾಧೀಶೆ ಸೂಸನ್ ಬೋಲ್ಟನ್ ಅವರು ಆರ್ಪಾಯೊ ಅವರನ್ನು ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಅಪರಾಧಿ ಎಂದು ತೀರ್ಪಿತ್ತರು. ಆಗಸ್ಟ್ 25ರಂದು, ಶಿಕ್ಷೆ ಪ್ರಕಟವಾಗುವ ಮೊದಲೇ, ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಆರ್ಪಾಯೊ 2020ರಲ್ಲಿ ಹಳೆಯ ಹುದ್ದೆಗೆ ಮರಳಲು ನೋಡಿದರು. ಪ್ರೈಮರಿಯಲ್ಲಿ ಅವರನ್ನು ಕೂದಲೆಳೆಯಲ್ಲಿ ಸೋಲಿಸಿದ್ದು ಅವರದೇ ಬಲಗೈ ಶೆರಿಡನ್. ಆ ನವೆಂಬರ್‌ನಲ್ಲಿ ಶೆರಿಡನ್ ಅವರನ್ನು ಪೆನ್ಜೋನ್ ಸುಲಭವಾಗಿ ಸೋಲಿಸಿ ಎರಡನೇ ಅವಧಿ ಪಡೆದರು.

ಕಣ್ಣಿಗೆ ಕಾಣದ ಬದಲಾವಣೆಯೇ ಕಷ್ಟವಾದದ್ದು. ಆರ್ಪಾಯೊ ಹೋದರೂ ಮೊಕದ್ದಮೆ ಹೋಗಲಿಲ್ಲ. ಕೋರ್ಟಿನ ಆದೇಶ ವ್ಯಕ್ತಿಯ ಮೇಲಿರಲಿಲ್ಲ, ಕಚೇರಿಯ ಮೇಲಿತ್ತು. ಪ್ರಕರಣದ ಹೆಸರು "ಮೆಲೆಂಡ್ರೆಸ್ ವಿರುದ್ಧ ಆರ್ಪಾಯೊ" ಎಂಬಲ್ಲಿಂದ "ಮೆಲೆಂಡ್ರೆಸ್ ವಿರುದ್ಧ ಪೆನ್ಜೋನ್" ಎಂದಾಯಿತು. ಎದೆಗೆ ಬ್ಯಾಡ್ಜ್ ಹಾಕಿಕೊಂಡ ದಿನವೇ ಆ ಸಾಲ ಹೆಗಲಿಗೆ ಬಿತ್ತು. ವಾಹನ ತಡೆದ ಪ್ರತಿ ಸಲವೂ ದಾಖಲೆ, ದೇಹಕ್ಕೆ ಕ್ಯಾಮೆರಾ, ತರಬೇತಿ, ಮೇಲಧಿಕಾರಿಗಳ ಪರಿಶೀಲನೆ, ಸಿಬ್ಬಂದಿ ವಿರುದ್ಧದ ಪ್ರತಿ ದೂರಿಗೂ ನಿಗದಿತ ಗಡುವಿನೊಳಗೆ ತನಿಖೆ. ಇವುಗಳಲ್ಲಿ ಹಲವನ್ನು ಪೆನ್ಜೋನ್ ಇಲಾಖೆ ಮಾಡಿತು. ಎರಡು ಕಡೆ ಮುಗ್ಗರಿಸಿತು. ವರ್ಷ ವರ್ಷವೂ ಹೊರಗಿನ ಸಂಖ್ಯಾಶಾಸ್ತ್ರಜ್ಞರು ಮಾಡಿದ ಅಧ್ಯಯನಗಳಲ್ಲಿ, ಲ್ಯಾಟಿನೋ ಸವಾರರನ್ನು ಹೆಚ್ಚು ಹೊತ್ತು ನಿಲ್ಲಿಸುವ, ಹೆಚ್ಚು ಬಾರಿ ಬಂಧಿಸುವ ವ್ಯತ್ಯಾಸಗಳು ಕಾಣುತ್ತಲೇ ಇದ್ದವು. ಇನ್ನೊಂದು, ಆಂತರಿಕ ತನಿಖೆಗಳ ರಾಶಿ. ಬಾಕಿ ಕಡತಗಳು 2,000 ದಾಟಿದವು. ತಿಂಗಳುಗಳಲ್ಲಿ ಮುಗಿಯಬೇಕಿದ್ದ ತನಿಖೆಗಳು ವರ್ಷಗಟ್ಟಲೆ ಕೊಳೆತವು. 2022ರ ನವೆಂಬರ್‌ನಲ್ಲಿ ಅದೇ ನ್ಯಾಯಾಧೀಶ ಸ್ನೋ, ಅದೇ ಮೊಕದ್ದಮೆಯಲ್ಲಿ, ಈ ಬಾರಿ ಪೆನ್ಜೋನ್ ಅವರನ್ನು ಸಿವಿಲ್ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದರು.

ಈ ಎರಡು ನಿಂದನೆಗಳನ್ನು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಒಬ್ಬರು ಆದೇಶವನ್ನು ಬೇಕೆಂದೇ ಮುರಿದರು, ಇನ್ನೊಬ್ಬರು ಪಾಲಿಸಲು ಹೋಗಿ ಸೋತರು. ಆದರೆ ದೂರು ಕೊಟ್ಟು ಎರಡು ವರ್ಷ ಕಾದ ಲ್ಯಾಟಿನೋ ತಾಯಿಗೆ ಈ ವ್ಯತ್ಯಾಸ ಎಷ್ಟು ಸಮಾಧಾನ ಕೊಟ್ಟೀತು? ಬೀದಿಯಲ್ಲಿ 21 ವರ್ಷ ಪಡೆದ ಅನುಭವ ಪ್ರಾಮಾಣಿಕವಾದದ್ದು, ಅದೇ ಅವರನ್ನು ಗೆಲ್ಲಿಸಿತು. ಗೆದ್ದ ಮೇಲೆ ಬೇಕಾದದ್ದು ಬೇರೆ ಕಸುಬು: ಸಾವಿರಾರು ಕಡತ ಕದಲಿಸುವುದು, ತನಿಖಾಧಿಕಾರಿಗಳನ್ನು ನೇಮಿಸುವುದು, 24 ವರ್ಷ ಒಂದು ಬಗೆಯಲ್ಲಿ ಪಳಗಿದ ಕೈಗಳನ್ನು ಇನ್ನೊಂದು ಬಗೆಗೆ ಪಳಗಿಸುವುದು. ಆ ಕಸುಬು ಗೊತ್ತೇ ಎಂದು ಪ್ರಚಾರದಲ್ಲಿ ಯಾರೂ ಕೇಳುವುದಿಲ್ಲ. ಅಭ್ಯರ್ಥಿಯೂ ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಚಪ್ಪಾಳೆ ಬೀಳದು.

2023ರ ಅಕ್ಟೋಬರ್‌ನಲ್ಲಿ ಪೆನ್ಜೋನ್ ಮೂರನೇ ಬಾರಿ ನಿಲ್ಲುವುದಿಲ್ಲ, ಅವಧಿ ಮುಗಿಯುವ ಮೊದಲೇ ಹೊರಡುತ್ತೇನೆ ಎಂದರು. ತಾನು ಮಾಡದ ಸಾಲಕ್ಕಾಗಿ ಮೂರು ಅವಧಿ ಕೋರ್ಟಿನ ಮೇಲ್ವಿಚಾರಣೆಯಲ್ಲಿ ಕಳೆಯಲಾರೆ ಎಂಬ ಕಹಿ ಅವರ ಮಾತಿನಲ್ಲಿತ್ತು. ಆ ಕಹಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲು ಮನಸ್ಸಾಗುವುದಿಲ್ಲ. ಆ ಸಾಲ ಇದೆಯೆಂದು ಗೊತ್ತಿದ್ದೇ, ಅದನ್ನು ತೀರಿಸುತ್ತೇನೆಂದೇ ಅವರು ಮತ ಕೇಳಿದ್ದರು. 2024ರ ಜನವರಿಯಲ್ಲಿ ಅವರು ಕಚೇರಿ ಬಿಟ್ಟರು.

ಕೌಂಟಿ ಮಂಡಳಿ ಇಲಾಖೆಯ ಹಿರಿಯ ಅಧಿಕಾರಿ ರಸ್ ಸ್ಕಿನ್ನರ್ ಅವರನ್ನು ಆ ಜಾಗಕ್ಕೆ ನೇಮಿಸಿತು. ತೆರವು ಮಾಡಿದವರ ಪಕ್ಷದವರನ್ನೇ ನೇಮಿಸಬೇಕೆಂಬ ಕಾನೂನು ಇರುವುದರಿಂದ, ರಿಪಬ್ಲಿಕನ್ ಆಗಿದ್ದ ಸ್ಕಿನ್ನರ್ ಡೆಮಾಕ್ರಟಿಕ್ ಪಕ್ಷಕ್ಕೆ ಹೆಸರು ಬದಲಿಸಿಕೊಂಡಿದ್ದರು. ಆ ವರ್ಷದ ಪ್ರೈಮರಿಯಲ್ಲಿ ಫೀನಿಕ್ಸ್ ಪೊಲೀಸ್ ಇಲಾಖೆಯ ಇನ್ನೊಬ್ಬ ಅನುಭವಿ ಟೈಲರ್ ಕ್ಯಾಂಪ್ ಎದುರು ಅವರು ಸೋತರು. ನವೆಂಬರ್‌ನಲ್ಲಿ ಕ್ಯಾಂಪ್ ಸೋತರು. ಗೆದ್ದವರು ಜೆರ್ರಿ ಶೆರಿಡನ್, 2016ರ ಆದೇಶದಲ್ಲಿ ಆರ್ಪಾಯೊ ಜೊತೆ ನಿಂದನೆಗೆ ಗುರಿಯಾಗಿದ್ದವರು. ಅವರ ಪ್ರಚಾರದ ಮುಖ್ಯ ಬಂಡವಾಳವೂ ಇಲಾಖೆಯಲ್ಲಿ ಕಳೆದ ದಶಕಗಳ ಅನುಭವವೇ. 2025ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಮೆಲೆಂಡ್ರೆಸ್ ಮೊಕದ್ದಮೆ ಇನ್ನೂ ತೆರೆದೇ ಇತ್ತು. ಅದರ ಖರ್ಚು ಕೌಂಟಿಯ ಲೆಕ್ಕದಲ್ಲಿ 20 ಕೋಟಿ ಡಾಲರ್ ದಾಟಿತ್ತು. ಆ ಲೆಕ್ಕದಲ್ಲಿ ಮೊಕದ್ದಮೆಗೆ ಸೇರದ ಖರ್ಚುಗಳೂ ತುಂಬಿವೆ ಎಂದು ಕೋರ್ಟಿನ ಮೇಲ್ವಿಚಾರಕರ ತಂಡ ಆಮೇಲೆ ಆಕ್ಷೇಪ ಎತ್ತಿತು.

ಮರಿಕೋಪಾದ ರಸ್ತೆಯಲ್ಲಿ ಶೆರಿಫ್ ಇಲಾಖೆಯ ಡೆಪ್ಯುಟಿ ಕಾರೊಂದನ್ನು ನಿಲ್ಲಿಸಿದಾಗ, ಸವಾರನ ಜನಾಂಗ ಯಾವುದಿರಬಹುದೆಂದು ಅವನನ್ನು ಕೇಳದೆಯೇ ನೋಡಿ ಬರೆದುಕೊಳ್ಳಬೇಕು. ನಿಲ್ಲಿಸಿದ ಕಾರಣ ಬರೆಯಬೇಕು, ಎಷ್ಟು ನಿಮಿಷ ಹಿಡಿಯಿತೆಂದು ದಾಖಲಾಗಬೇಕು. ಕೇವ್ ಕ್ರೀಕ್‌ನಲ್ಲಿ ಆ ಟ್ರಕ್ ನಿಂತ ಮೇಲೆ ಮೂವರು ಹೊಸ ಶೆರಿಫರು ಬಂದಿದ್ದಾರೆ. ಆ ನಮೂನೆಯನ್ನು ತುಂಬುವ ಕೆಲಸ ನಿಂತಿಲ್ಲ.